ಸೋಲ್‌ಕಡಿ ಬಾಟಲಿಯಲ್ಲಿ ಒಡೆಯೋದ್ಯಾಕೆ? ಪಿಷ್ಟದ ಕೆಲಸ ತಿಳ್ಕೊಂಡು ಬಳಸಿ

ಕಳೆದ ಮೇ ತಿಂಗಳ ಒಂದು ಶುಕ್ರವಾರ ರಾತ್ರಿ ನಾನು, ಆಯಿ ಇಬ್ಬರೂ ಕೂತು 80 ಬಾಟಲಿ ಸೋಲ್‌ಕಡಿ ತುಂಬಿಸಿದ್ವಿ. ನಮ್ಮದೇ ತೋಟದ ತೆಂಗಿನಕಾಯಿ, ನಮ್ಮದೇ ಮುರುಗಲು ಹಣ್ಣಿನ ಸಿಪ್ಪೆ. ಕಾರವಾರ ಹತ್ತಿರದ ಒಂದು ಹೋಮ್‌ಸ್ಟೇಯಿಂದ ಮೊದಲ ದೊಡ್ಡ ಆರ್ಡರ್ ಅದು. 200 ಮಿಲಿ ಬಾಟಲಿಗೆ 40 ರೂಪಾಯಿ. ಶನಿವಾರ ಬೆಳಿಗ್ಗೆ ಐಸ್ ಡಬ್ಬಿಯಲ್ಲಿಟ್ಟು ಬೈಕ್ ಮೇಲೆ ಎರಡು ಟ್ರಿಪ್ ಹೊಡೆದು ತಲುಪಿಸಿ ಬಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಬಂತು.

"ತಮ್ಮಾ, ಇದು ಹಾಳಾಗಿದೆಯಲ್ಲೋ. ಮೇಲೆ ಬಿಳಿ ಗಡ್ಡೆ, ಕೆಳಗೆ ಗುಲಾಬಿ ನೀರು. ಗಿರಾಕಿಗಳ ಮುಂದೆ ಹೆಂಗೆ ಇಡ್ಲಿ?"

ಹಾಳಾಗಿರಲಿಲ್ಲ. ಕುಡಿದು ನೋಡಿದ್ರೆ ರುಚಿ ಸರಿಯಾಗೇ ಇತ್ತು. ಆದರೆ ಅದನ್ನ ಕಣ್ಣಿಗೆ ಹೇಳೋಕಾಗಲ್ಲ. 80 ಬಾಟಲಿ ವಾಪಸ್ ತಂದೆ, 3200 ರೂಪಾಯಿ ಬಿಟ್ಟೆ, ಅದಕ್ಕಿಂತ ಹೆಚ್ಚಾಗಿ ಆ ಗಿರಾಕಿಯನ್ನ ಬಿಟ್ಟೆ. ನಾಚಿಕೆಯ ವಿಷಯ ಏನಂದ್ರೆ ನಾನು ತೋಟಗಾರಿಕೆ ಓದಿದವನು. ಕೊಯ್ಲೋತ್ತರ ತಂತ್ರಜ್ಞಾನದ ಪಾಠದಲ್ಲಿ ಪಿಷ್ಟ, ಎಮಲ್ಷನ್ ಎಲ್ಲ ಓದಿ ಪರೀಕ್ಷೆ ಬರೆದವನು. ಅದೇ ಜಾಣತನದಲ್ಲಿ ಆ ರಾತ್ರಿ "ಗಟ್ಟಿಯಾಗಿ ನಿಲ್ಲಲಿ" ಅಂತ ಕಾರ್ನ್‌ಫ್ಲೋರ್ ಬೇರೆ ಹಾಕಿದ್ದೆ! ಎಲ್ಲವನ್ನೂ ಒಟ್ಟಿಗೆ ಕುದಿಸಿ, ಬಾಟಲಿಗೆ ತುಂಬಿಸಿ, ತಣ್ಣಗೆ ಮಾಡಿದ್ದೆ. ಒಂದೇ ರಾತ್ರಿಯಲ್ಲಿ ಮೂರು ತಪ್ಪು. ಆ ಮೂರೂ ತಪ್ಪು ಬಿಡಿಸಿ ನೋಡಿದ್ರೆ ಪಿಷ್ಟದ ಪಾಠ ಪೂರ್ತಿ ಸಿಗುತ್ತೆ. ಹಣ್ಣಿನ ತಿರುಳು, ಸಾಸ್, ಕಾಯಿಹಾಲು, ಪಾನಕ ಏನೇ ಮಾಡಿ ಮಾರೋ ಯೋಚನೆ ಇದ್ರೂ ಇದು ನಿಮಗೆ ಬೇಕಾಗುತ್ತೆ.

ಮೊದಲು ಕಾಯಿಹಾಲು

ಕಾಯಿಹಾಲು ಅಂದ್ರೆ ನೀರಿನಲ್ಲಿ ತೇಲ್ತಾ ಇರೋ ಎಣ್ಣೆಯ ಸಣ್ಣ ಸಣ್ಣ ಹನಿಗಳು. ಎಣ್ಣೆ ಮತ್ತು ನೀರು ಸೇರಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಇಲ್ಲಿ ಒಟ್ಟಿಗಿವೆ, ಯಾಕಂದ್ರೆ ಪ್ರತಿ ಹನಿಯ ಸುತ್ತ ತೆಂಗಿನ ಪ್ರೋಟೀನಿನ ತೆಳು ಹೊದಿಕೆ ಇರುತ್ತೆ. ಹೀಗೆ ಎಣ್ಣೆ, ನೀರು ಬೆರೆತಂತೆ ನಿಂತಿರೋದಕ್ಕೆ ಎಮಲ್ಷನ್ ಅಂತಾರೆ. ದನದ ಹಾಲೂ ಅದೇ, ಅಂಗಡಿಯ ಮಯೋನೀಸೂ ಅದೇ.

ತೆಂಗಿನ ಪ್ರೋಟೀನಿಗೆ ಎರಡು ಶತ್ರು. ಒಂದು ಹುಳಿ. ಪ್ರೋಟೀನಿನ ಮೇಲೆ ಇರೋ ವಿದ್ಯುತ್ ಅಂಶದಿಂದ ಹನಿಗಳು ಒಂದನ್ನೊಂದು ದೂರ ತಳ್ತಾ ಇರುತ್ತವೆ. ಪಿಎಚ್ 4ರ ಆಸುಪಾಸಿಗೆ ಬಂದಾಗ ಆ ಅಂಶ ಹೆಚ್ಚುಕಡಿಮೆ ಸೊನ್ನೆ ಆಗುತ್ತೆ, ಹನಿಗಳು ಒಂದಕ್ಕೊಂದು ಅಂಟಿಕೊಂಡು ಗಡ್ಡೆ ಕಟ್ಟುತ್ತವೆ. ಕಾಯಿಹಾಲಿನ ಪಿಎಚ್ 6ರ ಹತ್ತಿರ. ಮುರುಗಲು ರಸ ಸೇರಿಸಿದ ಮೇಲೆ ನನ್ನ ಸೋಲ್‌ಕಡಿಯನ್ನ ಪಿಎಚ್ ಪಟ್ಟಿಯಲ್ಲಿ ನೋಡಿದ್ರೆ ಸುಮಾರು 3.5 ಬಂತು. ಅಂದ್ರೆ ಸೋಲ್‌ಕಡಿ ಹುಟ್ಟುವಾಗಲೇ ಒಡೆಯೋ ಜಾಗಕ್ಕೆ ಬಂದು ಕೂತಿರುತ್ತೆ. ಮನೆಯಲ್ಲಿ ಗೊತ್ತಾಗಲ್ಲ, ಯಾಕಂದ್ರೆ ಮಾಡಿದ ಅರ್ಧ ಗಂಟೆಯಲ್ಲಿ ಮೀನೂಟದ ಜೊತೆ ಖಾಲಿ ಆಗಿರುತ್ತೆ.

ಎರಡನೇ ಶತ್ರು ಬಿಸಿ. 80 ಡಿಗ್ರಿ ದಾಟಿದ್ರೆ ಈ ಪ್ರೋಟೀನ್ ಬೇಯುತ್ತೆ, ಮುದ್ದೆ ಆಗುತ್ತೆ. ಕಾಯಿಹಾಲನ್ನ ಕುದಿಸ್ತಾ ಹೋದ್ರೆ ಎಣ್ಣೆ ಬಿಡೋದು ಇದಕ್ಕೇ. ನಾನು ಹುಳಿ ಹಾಕಿ, ಮೇಲಿಂದ ಕುದಿಸಿದ್ದೆ. ಎರಡೂ ಶತ್ರುಗಳನ್ನ ಒಟ್ಟಿಗೆ ಮನೆಗೆ ಕರೆದ ಹಾಗೆ.

ಪಿಷ್ಟ ನೀರನ್ನ ಹಿಡಿಯುತ್ತೆ, ಎಣ್ಣೆಯನ್ನಲ್ಲ

ನಮ್ಮ ಅಡುಗೆಯಲ್ಲಿ ಪಿಷ್ಟದ ಉಪಯೋಗ ಹೊಸದಲ್ಲ. ಮಜ್ಜಿಗೆ ಹುಳಿಗೆ ಕಾಯಿ ರುಬ್ಬುವಾಗ ಆಯಿ ಒಂದು ಚಮಚ ನೆನೆಸಿದ ಅಕ್ಕಿ ಸೇರಿಸ್ತಾಳೆ. "ಯಾಕೆ ಆಯಿ?" ಅಂದ್ರೆ, "ಇಲ್ದಿದ್ರೆ ಮಜ್ಜಿಗೆ ಒಡೀತದೆ ಮಗಾ" ಅಂತಾಳೆ. ಅಷ್ಟೇ ಅವಳ ವಿವರಣೆ. ಬೇರೆ ಕಡೆ ಕಡಲೆಬೇಳೆ ಹಾಕ್ತಾರೆ, ಉತ್ತರ ಭಾರತದ ಕಢಿಗೆ ಕಡಲೆಹಿಟ್ಟು ಹಾಕ್ತಾರೆ. ಕೆಲಸ ಒಂದೇ.

ಪಿಷ್ಟ ಕಾಳಿನೊಳಗೆ ಸಣ್ಣ ಹರಳಿನ ರೂಪದಲ್ಲಿರುತ್ತೆ. ತಣ್ಣೀರಲ್ಲಿ ಅದು ತಳ ಸೇರುತ್ತೆ. ಬಿಸಿ ಮಾಡಿದ್ರೆ, ಸುಮಾರು 60ರಿಂದ 75 ಡಿಗ್ರಿ ಒಳಗೆ (ಬೆಳೆಯ ಮೇಲೆ ಹೆಚ್ಚುಕಡಿಮೆ), ಹರಳು ನೀರು ಕುಡಿದು ಊದುತ್ತೆ. ಗಂಜಿ ಗಟ್ಟಿಯಾಗೋದು ಆವಾಗಲೇ. ನೀರು ಓಡಾಡೋಕೆ ಜಾಗ ಕಡಿಮೆ ಆಯ್ತು ಅಂದ್ರೆ ಎಣ್ಣೆ ಹನಿ ಮೇಲೆ ಏರೋದೂ ನಿಧಾನ ಆಗುತ್ತೆ. ಲೆಕ್ಕ ಸುಲಭ: ದ್ರವದ ದಪ್ಪ ಎರಡು ಪಟ್ಟಾದ್ರೆ ಹನಿ ಏರೋ ವೇಗ ಅರ್ಧ. ಆದರೆ ಹನಿಯ ಅಗಲವನ್ನೇ ಅರ್ಧ ಮಾಡಿದ್ರೆ ವೇಗ ಕಾಲು ಭಾಗಕ್ಕೆ ಇಳಿಯುತ್ತೆ. ಅದಕ್ಕೇ ಪಿಷ್ಟ ಹಾಕೋ ಮೊದಲು ಕಾಯಿಹಾಲನ್ನ ಮಿಕ್ಸಿಯಲ್ಲಿ ಚೆನ್ನಾಗಿ ತಿರುಗಿಸೋದು ಲಾಭ. ಫ್ಯಾಕ್ಟರಿಯವರ ಹೋಮೋಜಿನೈಸರ್ ಮಾಡೋದೂ ಇದೇ ಕೆಲಸ, ಹೆಚ್ಚು ಒತ್ತಡದಲ್ಲಿ.

ಇಲ್ಲಿ ಒಂದು ಮಾತು ಗಟ್ಟಿ ನೆನಪಿಡಿ. ಸಾಮಾನ್ಯ ಪಿಷ್ಟಕ್ಕೆ ಎಣ್ಣೆಯ ಮೇಲೆ ಪ್ರೀತಿ ಇಲ್ಲ. ಅದು ಹನಿಯನ್ನ ಹಿಡಿಯಲ್ಲ, ಸುತ್ತಲಿನ ನೀರನ್ನ ಹಿಡಿದು ಹನಿಯ ದಾರಿಗೆ ಅಡ್ಡ ನಿಲ್ಲುತ್ತೆ ಅಷ್ಟೆ. ನಾನು ಅಂಗಡಿಯಿಂದ ಕಾರ್ನ್‌ಫ್ಲೋರ್ ತಂದಾಗ ಈ ವ್ಯತ್ಯಾಸ ಮರೆತಿದ್ದೆ.

ಜೊತೆಗೆ ಸಾಮಾನ್ಯ ಪಿಷ್ಟಕ್ಕೆ ಅದರದ್ದೇ ದೌರ್ಬಲ್ಯಗಳಿವೆ. ಹುಳಿಯಲ್ಲಿ ಕುದಿಸಿದ್ರೆ ಅದರ ಉದ್ದನೆಯ ಸರಪಳಿ ತುಂಡಾಗುತ್ತೆ, ಗಟ್ಟಿಯಾಗಿದ್ದದ್ದು ನೀರಾಗುತ್ತೆ. ತುಂಬಾ ಹೊತ್ತು ಕಲಕಿದ್ರೂ ಊದಿದ ಹರಳು ಒಡೆಯುತ್ತೆ. ತಣ್ಣಗಾದ ಮೇಲೆ ಅಮೈಲೋಸ್ ಅನ್ನೋ ನೇರ ಸರಪಳಿಗಳು ಮತ್ತೆ ಪಕ್ಕಪಕ್ಕ ಬಂದು ಸೇರ್ಕೊಂಡು, ಹಿಡಿದಿದ್ದ ನೀರನ್ನ ಹೊರಗೆ ದೂಡುತ್ತವೆ. ಫ್ರಿಜ್‌ನಲ್ಲಿಟ್ಟ ಅಕ್ಕಿ ಮಣ್ಣಿಯ ಸುತ್ತ ಮರುದಿನ ನೀರು ನಿಂತಿರೋದು, ನಿನ್ನೆಯ ಇಡ್ಲಿ ಗಟ್ಟಿಯಾಗೋದು ಇದೇ ಕಾರಣಕ್ಕೆ. ಮೆಕ್ಕೆಜೋಳದ ಪಿಷ್ಟದಲ್ಲಿ ಅಮೈಲೋಸ್ ಸುಮಾರು ಕಾಲು ಭಾಗ, ಮರಗೆಣಸಿನಲ್ಲಿ ಅದಕ್ಕಿಂತ ಕಡಿಮೆ. ಹಾಗಾಗಿ ಮರಗೆಣಸಿನ ಪಿಷ್ಟ ನೀರು ಬಿಡೋದೂ ಕಡಿಮೆ.

ಮಾರ್ಪಡಿಸಿದ ಪಿಷ್ಟ ಅಂದ್ರೇನು

ಈ ದೌರ್ಬಲ್ಯಗಳಿಗೆ ಒಂದೊಂದಾಗಿ ಔಷಧ ಹುಡುಕಿದ್ದೇ ಮಾರ್ಪಡಿಸಿದ ಪಿಷ್ಟ. ಹೆಸರು ಕೇಳಿ ಹೆದರಬೇಡಿ, ಕುಲಾಂತರಿಗೂ ಇದಕ್ಕೂ ಸಂಬಂಧ ಇಲ್ಲ. ಬೆಳೆ ಬದಲಾಗಲ್ಲ, ತೆಗೆದ ಪಿಷ್ಟವನ್ನ ಆಮೇಲೆ ಬದಲಾಯಿಸ್ತಾರೆ.

ಬರೀ ನೀರು, ಬಿಸಿಯಿಂದ ಮಾಡೋ ಬದಲಾವಣೆ ನಮ್ಮ ಮನೆಯಲ್ಲೇ ಇದೆ. ಅವಲಕ್ಕಿ ತಣ್ಣೀರಲ್ಲೇ ಮೆತ್ತಗಾಗುತ್ತೆ ಯಾಕೆ? ಅದರ ಪಿಷ್ಟ ಮೊದಲೇ ಬೆಂದು ಒಣಗಿದೆ. ಫ್ಯಾಕ್ಟರಿಯಲ್ಲಿ ಪಿಷ್ಟದ ಗಂಜಿಯನ್ನ ಬಿಸಿ ರೋಲರ್ ಮೇಲೆ ಒಣಗಿಸಿ ಪುಡಿ ಮಾಡಿದ್ರೆ, ತಣ್ಣೀರಲ್ಲೇ ದಪ್ಪ ಆಗೋ ಪಿಷ್ಟ ಸಿಗುತ್ತೆ. ಕರಾವಳಿಯ ಕುಚ್ಚಲಕ್ಕಿಯೂ ಅದೇ ಜಾತಿ. ಭತ್ತವನ್ನ ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದಾಗ ಒಳಗಿನ ಪಿಷ್ಟದ ಸ್ವಭಾವವೇ ಬದಲಾಗುತ್ತೆ. ಮರಗೆಣಸಿನ ಪಿಷ್ಟದಿಂದ ತಮಿಳುನಾಡಿನ ಸೇಲಂ ಕಡೆ ಮಾಡೋ ಸಾಬೂದಾನಿಯೂ ಅರ್ಧ ಬೆಂದ ಪಿಷ್ಟವೇ.

ರಾಸಾಯನಿಕವಾಗಿ ಮಾಡೋದ್ರಲ್ಲಿ ನಮಗೆ ಬೇಕಾದ್ದು ಮೂರು ಬಗೆ. ಮೊದಲನೇದು ಹೊಲಿಗೆ ಹಾಕಿದ ಪಿಷ್ಟ. ಹರಳಿನ ಒಳಗಿನ ಸರಪಳಿಗಳ ನಡುವೆ ಫಾಸ್ಫೇಟ್ ಅಥವಾ ಅಡಿಪೇಟ್‌ನಿಂದ ಅಲ್ಲಲ್ಲಿ ಟಾಕಿ ಹಾಕ್ತಾರೆ. ಆಗ ಹುಳಿ, ಕುದಿ, ಕಲಕಾಟಕ್ಕೆ ಹರಳು ಹರಿಯಲ್ಲ. ಎರಡನೇದರಲ್ಲಿ ಸರಪಳಿಗೆ ಅಸಿಟೈಲ್ ಅಥವಾ ಹೈಡ್ರಾಕ್ಸಿಪ್ರೊಪೈಲ್ ಅನ್ನೋ ಸಣ್ಣ ಗುಂಪುಗಳನ್ನ ಮುಳ್ಳಿನ ಹಾಗೆ ಅಂಟಿಸ್ತಾರೆ. ಮುಳ್ಳು ಇರೋದ್ರಿಂದ ಸರಪಳಿಗಳು ಮತ್ತೆ ಪಕ್ಕಪಕ್ಕ ಬಂದು ಕೂರೋಕಾಗಲ್ಲ, ಫ್ರಿಜ್‌ನಲ್ಲೂ ನೀರು ಬಿಡಲ್ಲ. ಸಾಸ್‌ಗಳಲ್ಲಿ ಬಳಸೋ 1422, 1442 ನಂಬರಿನ ಪಿಷ್ಟಗಳಲ್ಲಿ ಈ ಎರಡೂ ಕೆಲಸ ಒಟ್ಟಿಗೆ ಆಗಿರುತ್ತೆ.

ಮೂರನೇದು ಎಮಲ್ಷನ್ನಿಗೆ ಬೇಕಾದ ಅಸಲಿ ಸರಕು. ಆಕ್ಟೆನಿಲ್ ಸಕ್ಸಿನೇಟ್ ಪಿಷ್ಟ, ನಂಬರ್ 1450. ಇದರ ಸರಪಳಿಗೆ ಎಣ್ಣೆಯನ್ನ ಇಷ್ಟಪಡೋ ಒಂದು ಬಾಲ ಅಂಟಿಸಿರ್ತಾರೆ. ಬಾಲ ಎಣ್ಣೆ ಹನಿಯೊಳಗೆ ಚುಚ್ಚಿಕೊಳ್ಳುತ್ತೆ, ಉಳಿದ ಮೈ ನೀರಿನಲ್ಲಿ ಹರಡಿ ನಿಲ್ಲುತ್ತೆ. ಪ್ರೋಟೀನಿನ ಹಾಗೆ ಬರೀ ವಿದ್ಯುತ್ ಅಂಶದ ಮೇಲೆ ನಿಂತಿಲ್ಲ, ಮೈಯೇ ಅಡ್ಡ ನಿಲ್ಲೋದ್ರಿಂದ ಹುಳಿಯಲ್ಲೂ ಹನಿಗಳು ಅಂಟಿಕೊಳ್ಳಲ್ಲ. ಅಮೆರಿಕದಲ್ಲಿ ಕಾಲ್ಡ್‌ವೆಲ್ ಮತ್ತು ವುರ್ಜ್‌ಬರ್ಗ್ ಇದಕ್ಕೆ 1953ರಲ್ಲಿ ಪೇಟೆಂಟ್ ಪಡೆದ್ರು. ತಂಪು ಪಾನೀಯಗಳಲ್ಲಿ ಕಿತ್ತಳೆ ಎಣ್ಣೆಯ ಪರಿಮಳವನ್ನ ನೀರಿನಲ್ಲಿ ತೇಲಿಸಿಡೋಕೆ ಗೋಂದಿನ ಬದಲು ಇದನ್ನ ಬಳಸ್ತಾರೆ.

ಅಂದಹಾಗೆ ಈ ನಂಬರುಗಳ ಮುಂದೆ ಲೇಬಲ್ ಮೇಲೆ ಐಎನ್‌ಎಸ್ ಅಂತ ಇರುತ್ತೆ. ಬಿಣಗಾದಲ್ಲಿ ಹುಟ್ಟಿದ ನಮಗೆ ಐಎನ್‌ಎಸ್ ಅಂದ್ರೆ ಪಕ್ಕದ ನೌಕಾನೆಲೆ ಕದಂಬ ಮಾತ್ರ. ಇದು ಬೇರೆ, ಆಹಾರ ಸೇರ್ಪಡೆಗಳ ಅಂತರರಾಷ್ಟ್ರೀಯ ಸಂಖ್ಯೆ. 1400ರಿಂದ 1451ರ ಒಳಗಿನ ಸಂಖ್ಯೆ ಕಂಡ್ರೆ ಅದು ಮಾರ್ಪಡಿಸಿದ ಪಿಷ್ಟ ಅಂತ ತಿಳ್ಕೊಳ್ಳಿ. ಅಂಗಡಿಗೆ ಹೋದಾಗ ಮಯೋನೀಸ್, ಸಾಸ್, ಸೂಪ್ ಪುಡಿಯ ಹಿಂಭಾಗದ ಫೋಟೊ ತೆಗೆದು ಮನೆಗೆ ಬಂದು ದೊಡ್ಡದು ಮಾಡಿ ಓದಿ. ಒಂದು ಸಂಜೆಯಲ್ಲಿ ಎಷ್ಟೋ ಕಲಿಬಹುದು.

ಕಿಟಕಿ ಮೇಲೆ ಆರು ಲೋಟ

ನಷ್ಟ ಆದ ಮೇಲೆ ಮಾಡಿದ ಪ್ರಯೋಗ ಇದು, ಮೊದಲೇ ಮಾಡಿದ್ರೆ 3200 ರೂಪಾಯಿ ಉಳೀತಿತ್ತು. ಒಂದೇ ಕಾಯಿಹಾಲು, ಒಂದೇ ಮುರುಗಲು ರಸ, ಒಂದೇ ತರದ ಆರು ಗಾಜಿನ ಲೋಟ. ಫೋನನ್ನ ಸ್ಟ್ಯಾಂಡ್‌ಗೆ ಹಾಕಿ ಗಂಟೆಗೊಂದು ಫೋಟೊ. ಮರುದಿನ ಫೋಟೊಗಳನ್ನ ಬೆರಳಲ್ಲಿ ಸರಿಸ್ತಾ ಹೋದ್ರೆ ಯಾವ ಲೋಟ ಯಾವಾಗ ಸೋತಿತು ಅಂತ ಸಿನಿಮಾ ತರ ಕಾಣುತ್ತೆ.

ಏನೂ ಹಾಕದ ಲೋಟದ ತಳದಲ್ಲಿ ಎರಡು ಗಂಟೆಯೊಳಗೆ ನೀರಿನ ಪದರ ಬಂತು. ಕಾರ್ನ್‌ಫ್ಲೋರ್ ಹಾಕಿ ಹುಳಿ ಸಮೇತ ಕುದಿಸಿದ್ದು, ಅಂದ್ರೆ ನನ್ನ ಹಳೇ ವಿಧಾನ, ಮೊದಲಿಗೆ ಚೆಂದ ಕಂಡಿತು, ಬೆಳಿಗ್ಗೆ ನೋಡಿದ್ರೆ ಎಲ್ಲಕ್ಕಿಂತ ಕೆಟ್ಟದಾಗಿ ಒಡೆದಿತ್ತು. ಮೂರನೇ ಲೋಟಕ್ಕೆ ಲೀಟರಿಗೆ 10 ಗ್ರಾಂ ಲೆಕ್ಕದಲ್ಲಿ ಅಕ್ಕಿಹಿಟ್ಟನ್ನ ಸ್ವಲ್ಪ ನೀರಲ್ಲಿ ಬೇರೆಯಾಗಿ ಬೇಯಿಸಿ, ತಣಿಸಿ, ಕಾಯಿಹಾಲಿನ ಜೊತೆ ಮಿಕ್ಸಿಗೆ ಹಾಕಿ, ಮುರುಗಲು ರಸವನ್ನ ಕೊನೆಗೆ ತಣ್ಣಗೇ ಸೇರಿಸಿದೆ. ಅದು ಸಂಜೆಯವರೆಗೂ ಗಟ್ಟಿ ನಿಂತಿತು. ಫ್ರಿಜ್‌ನಲ್ಲಿ ಮರುದಿನ ಒಂದು ಗೆರೆ ನೀರು. ಹಿಟ್ಟು, ಕ್ರಮ ಎರಡನ್ನೂ ಬದಲಾಯಿಸಿದ್ದಕ್ಕೆ ಇಷ್ಟು ವ್ಯತ್ಯಾಸ. ಮರಗೆಣಸಿನ ಪಿಷ್ಟದ್ದು ನೀರು ಬಿಡಲಿಲ್ಲ, ಆದರೆ ಚಮಚ ಎತ್ತಿದ್ರೆ ಎಳೆ ಎಳೆ ಬರ್ತಿತ್ತು. ಆಯಿ ಒಂದು ಗುಟುಕು ಕುಡಿದು, "ಬೆಂಡೆಕಾಯಿ ಹಾಕಿದ್ಯಾ?" ಅಂದ್ಲು.

ಕೊನೆಯ ಎರಡು ಲೋಟಕ್ಕೆ ಸ್ನೇಹಿತನ ಮೂಲಕ ತರಿಸಿದ ಮಾರ್ಪಡಿಸಿದ ಪಿಷ್ಟ. 1422 ಹಾಕಿದ್ದು ನೀರು ಒಂದಿಷ್ಟೂ ಬಿಡಲಿಲ್ಲ, ಕುದಿಸಿದ್ರೂ ದಪ್ಪ ಉಳೀತು. ಆದರೆ ಬಿಳಿ ಚೂರುಗಳು ಅಲ್ಲಲ್ಲೇ ತೇಲ್ತಾ ಇದ್ವು. ನೀರಿನ ಸಮಸ್ಯೆ ಬಗೆಹರಿದಿತ್ತು, ಎಣ್ಣೆಯದ್ದಲ್ಲ. 1450 ಅನ್ನು ಮೊದಲು ನೀರಲ್ಲಿ ಕರಗಿಸಿ, ಕಾಯಿಹಾಲಿನ ಜೊತೆ ಮಿಕ್ಸಿಯಲ್ಲಿ ಚೆನ್ನಾಗಿ ತಿರುಗಿಸಿ, ಆಮೇಲೆ ಹುಳಿ ಸೇರಿಸಿದ ಲೋಟ ಮೂರನೇ ದಿನವೂ ನಯವಾಗಿತ್ತು, ಮೇಲ್ಗಡೆ ಕೂದಲೆಳೆಯಷ್ಟು ಗೆರೆ ಬಿಟ್ರೆ. ಬಣ್ಣ ಮಾತ್ರ ಸ್ವಲ್ಪ ತಿಳಿ ಗುಲಾಬಿ. ಹುಳಿ ಮೊದಲು ಹಾಕಿ ಆಮೇಲೆ 1450 ಹಾಕಿದ್ರೆ ಪ್ರಯೋಜನ ಇಲ್ಲ, ಗಡ್ಡೆ ಕಟ್ಟೋ ಮುಂಚೆ ಅದು ಹನಿಯ ಮೇಲೆ ಹೋಗಿ ಕೂತಿರಬೇಕು.

ಅಂದ್ರೆ ಪಿಷ್ಟ ಖರೀದಿಸೋ ಮೊದಲು ನಿಮ್ಮ ಬಾಟಲಿಯಲ್ಲಿ ಏನು ಆಗ್ತಿದೆ ನೋಡಿ. ಮಾವಿನ ತಿರುಳಿನ ಸಾಸ್ ಮೇಲೆ ನೀರು ನಿಂತ್ರೆ ಅದು ನೀರು ಹಿಡಿಯೋ ಸಮಸ್ಯೆ. ಕೆನೆ ಕಟ್ಟಿದ್ರೆ, ಎಣ್ಣೆ ಉಂಗುರ ಕಂಡ್ರೆ ಅದು ಎಮಲ್ಷನ್ ಸಮಸ್ಯೆ. ಎರಡಕ್ಕೂ ಒಂದೇ ಪುಡಿ ಮಾರೋಕೆ ಬರೋ ಏಜೆಂಟರ ಮಾತು ನಂಬಬೇಡಿ, ಯಾವ ನಂಬರ್ ಅಂತ ಕೇಳಿ.

ಹಾಗಾದ್ರೆ 1450 ಹಾಕಿ ಮಾರ್ತೀನಾ?

ಇಲ್ಲ. ಅದು ವಿಷ ಅಂತ ಅಲ್ಲ. ಆಹಾರ ಸೇರ್ಪಡೆಗಳನ್ನ ಪರಿಶೀಲಿಸೋ ಅಂತರರಾಷ್ಟ್ರೀಯ ತಜ್ಞರ ಸಮಿತಿ ಈ ಪಿಷ್ಟಗಳನ್ನ ನೋಡಿ, ದಿನಕ್ಕೆ ಇಷ್ಟೇ ಅಂತ ಮಿತಿ ಹಾಕೋ ಅಗತ್ಯ ಕಾಣಲಿಲ್ಲ. ನಮ್ಮ ದೇಶದ ನಿಯಮವೂ ಅನೇಕ ಆಹಾರಗಳಲ್ಲಿ ಬಳಸೋಕೆ ಬಿಡುತ್ತೆ. ನೀವು ಸಾಮಾನ್ಯ ಉತ್ಪನ್ನ ಮಾಡೋರಾದ್ರೆ ಸಂಕೋಚ ಬೇಡ, ನಿಮ್ಮ ಬಗೆಯ ಆಹಾರಕ್ಕೆ ಅನುಮತಿ ಇದೆಯಾ ನೋಡ್ಕೊಂಡು ಬಳಸಿ, ಲೇಬಲ್ ಮೇಲೆ ಅದರ ವರ್ಗದ ಹೆಸರು, ಐಎನ್‌ಎಸ್ ಸಂಖ್ಯೆ ಹಾಕಿ. ಆದರೆ ನಾನು ಮಾರೋದು ಸಾವಯವ ಅಂತ. ಪ್ರಮಾಣೀಕರಿಸಿದ ಸಾವಯವ ಆಹಾರದಲ್ಲಿ ಯಾವ ಸೇರ್ಪಡೆ ಹಾಕಬಹುದು ಅನ್ನೋದಕ್ಕೆ ಬೇರೆಯೇ ಪಟ್ಟಿ ಇರುತ್ತೆ. ಯುರೋಪಿನ ನಿಯಮದಲ್ಲಿ ರಾಸಾಯನಿಕವಾಗಿ ಮಾರ್ಪಡಿಸಿದ ಪಿಷ್ಟಕ್ಕೆ ಜಾಗ ಇಲ್ಲ. ನೀವೂ ಸಾವಯವ ಹೆಸರಲ್ಲಿ ಮಾರೋರಾದ್ರೆ ಪುಡಿ ತರಿಸೋ ಮೊದಲು ನಿಮ್ಮ ಪ್ರಮಾಣೀಕರಣ ಸಂಸ್ಥೆಯನ್ನ ಕೇಳಿ. ಹಾಕಿ, ಲೇಬಲ್‌ನಲ್ಲಿ ಬರೀದೇ ಬಿಡೋದು ಮಾತ್ರ ಬೇಡ.

ಹಾಗಾಗಿ ನಾನು ಸಮಸ್ಯೆಯನ್ನೇ ಎರಡು ಬಾಟಲಿಗೆ ಹಂಚಿದೆ. ಒಂದರಲ್ಲಿ ಉಪ್ಪು ಹಾಕಿದ ಮುರುಗಲು ರಸ. ಇನ್ನೊಂದರಲ್ಲಿ ಬೇಯಿಸಿದ ಅಕ್ಕಿಹಿಟ್ಟು ಸೇರಿಸಿದ ಕಾಯಿಹಾಲು, ಲೇಬಲ್ ಮೇಲೆ "ಅಕ್ಕಿಹಿಟ್ಟು" ಅಂತ ಸ್ಪಷ್ಟವಾಗಿ. ಬಡಿಸೋ ಹೊತ್ತಿಗೆ ಬೆರೆಸಿದ್ರೆ ಹತ್ತು ಸೆಕೆಂಡಿನ ಕೆಲಸ. ಹುಳಿ ಇಲ್ಲದ ಕಾರಣ ಕಾಯಿಹಾಲು ಒಡೆಯಲ್ಲ, ಅಕ್ಕಿಹಿಟ್ಟು ಇರೋದ್ರಿಂದ ಕೆನೆ ಬೇಗ ಮೇಲೇರಲ್ಲ.

ಆದರೆ ಹೀಗೆ ಮಾಡುವಾಗ ಒಂದು ಅಪಾಯ ಇದೆ, ದಯವಿಟ್ಟು ಹಗುರ ಮಾಡ್ಕೋಬೇಡಿ. ಸೋಲ್‌ಕಡಿಯ ಪಿಎಚ್ 4.6ಕ್ಕಿಂತ ಕೆಳಗೆ ಇತ್ತು, ಅಲ್ಲಿ ಬೊಟುಲಿನಮ್ ಅನ್ನೋ ಮಾರಕ ಬ್ಯಾಕ್ಟೀರಿಯಾ ಬೆಳೆಯಲ್ಲ. ಬರೀ ಕಾಯಿಹಾಲು 6ರ ಹತ್ತಿರ, ಅಲ್ಲಿ ಬೆಳೆಯುತ್ತೆ. ಅದರ ಬೀಜಕಣ 100 ಡಿಗ್ರಿ ಕುದಿಗೂ ಸಾಯಲ್ಲ, 121 ಡಿಗ್ರಿಯ ರಿಟಾರ್ಟ್ ಯಂತ್ರ ಬೇಕು. ಪಿಷ್ಟ ಹಾಕಿ ದಪ್ಪ ಮಾಡಿದ ಮೇಲೆ ಇನ್ನೂ ಕಷ್ಟ: ತೆಳು ದ್ರವ ಬಾಟಲಿಯೊಳಗೆ ಸುತ್ತಾಡಿ ಬೇಗ ಬಿಸಿಯಾಗುತ್ತೆ, ದಪ್ಪ ದ್ರವದ ನಡುಭಾಗಕ್ಕೆ ಬಿಸಿ ಮುಟ್ಟೋಕೆ ತುಂಬಾ ಹೊತ್ತು ಬೇಕು. ಆದ್ದರಿಂದ ಮನೆಯಲ್ಲಿ ಕುದಿಸಿ, ಮುಚ್ಚಿ, ಅಂಗಡಿಯ ಹಲಗೆ ಮೇಲಿಡೋ ಯೋಚನೆಯನ್ನೇ ಬಿಡಿ. ನಾನು 72 ಡಿಗ್ರಿಯಲ್ಲಿ 20 ನಿಮಿಷ ಇಡ್ತೀನಿ, ಥರ್ಮಾಮೀಟರ್ ನಡುಭಾಗಕ್ಕೆ ಇಳಿಸಿ ನೋಡ್ತೀನಿ, ಐಸ್ ನೀರಲ್ಲಿ ತಕ್ಷಣ ತಣಿಸ್ತೀನಿ, 5 ಡಿಗ್ರಿಗಿಂತ ಕೆಳಗೆ ಇಟ್ಟು ಎರಡೇ ದಿನದಲ್ಲಿ ಖಾಲಿ ಮಾಡ್ತೀನಿ. ಹೆಚ್ಚು ದಿನ ಬಾಳಿಕೆ ಬೇಕು ಅನ್ನೋರು ಮೈಸೂರಿನ ಸಿಎಫ್‌ಟಿಆರ್‌ಐ ಅಥವಾ ಕಾಸರಗೋಡಿನ ಸಿಪಿಸಿಆರ್‌ಐಯಲ್ಲಿ ಕೇಳಿ, ತೆಂಗಿನ ಉತ್ಪನ್ನಗಳ ತಂತ್ರಜ್ಞಾನ ಅಲ್ಲಿದೆ.

ಇನ್ನೊಂದು ಸಣ್ಣ ಉಪಾಯ. ಪಿಷ್ಟದಿಂದ ಮೋಸವೂ ಸುಲಭ. ಕಾಯಿಹಾಲಿಗೆ ನೀರು ಬೆರೆಸಿ ಹಿಟ್ಟಿನ ಗಂಜಿಯಿಂದ ಗಟ್ಟಿ ಮಾಡಿ ಮಾರೋರಿದ್ದಾರೆ. ಬೇರೆಯವರಿಂದ ಕಾಯಿಹಾಲು ಕೊಳ್ಳೋದಾದ್ರೆ ಒಂದು ಚಮಚ ತಗೊಂಡು ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ಕಡುನೀಲಿ ಬಂದ್ರೆ ಪಿಷ್ಟ ಇದೆ. ನನ್ನದಕ್ಕೆ ಬಿಟ್ರೂ ನೀಲಿ ಬರುತ್ತೆ, ಅದಕ್ಕೇ ಲೇಬಲ್ ಮೇಲೆ ಬರೆದಿರೋದು.

ಆ ಹೋಮ್‌ಸ್ಟೇಯವರ ಹತ್ತಿರ ಈ ವರ್ಷ ಎರಡು ಬಾಟಲಿ ಹಿಡ್ಕೊಂಡು ಮತ್ತೆ ಹೋದೆ. ಅವರೆದುರೇ ಲೋಟದಲ್ಲಿ ಬೆರೆಸಿ ಕೊಟ್ಟೆ. ಕುಡಿದು, ಲೋಟವನ್ನ ಅಲ್ಲೇ ಮೇಜಿನ ಮೇಲಿಟ್ಟು, ಅರ್ಧ ಗಂಟೆ ಬಿಟ್ಟು ತಿರುಗಿ ಬಂದು ನೋಡಿದ್ರು. "10 ಜೋಡಿ ಕೊಡು, ನೋಡೋಣ" ಅಂದ್ರು. 80 ಅಲ್ಲ, 10. ಸದ್ಯ ವಾರಕ್ಕೆ ಅಷ್ಟೇ ಹೋಗ್ತಿದೆ.

ಸಿಪ್ಪೆ ತೆಗೆದ ಮೇಲೆ ಉಳಿಯೋ ಮುರುಗಲು ಬೀಜವನ್ನ ಎಸೀಬೇಡಿ, ತೊಳೆದು ಬಿಸಿಲಿಗೆ ಹಾಕಿಡಿ. ಅದರಿಂದ ತುಪ್ಪ ತೆಗೆಯೋದು ಮುಂದಿನ ವಾರ.